ನಿಂಬೆ ಚಿಟ್ಟೆ: ಹೆಸರು ಒಂದು, ನಾಡು ಹಲವು

ಈ ಪತ್ರಿಕೆಯನ್ನು ಓದುವವರಲ್ಲಿ ಹೆಚ್ಚಿನವರು ಘಟ್ಟದ ಮೇಲಿನ ಅಡಿಕೆ, ಕಾಫಿ ತೋಟದವರು. ಬಾಗಲಕೋಟೆ ಜಿಲ್ಲೆಯ ಹುನಗುಂದ ತಾಲ್ಲೂಕಿನವನೊಬ್ಬ ಇಲ್ಲಿ ಏನು ಬರೆಯುತ್ತಾನೆ ಎಂದು ನೀವು ಕೇಳಿದರೆ ತಪ್ಪಿಲ್ಲ. ನನ್ನ ಹೆಂಡತಿಯ ಪಾಲಿಗೆ ಬಂದ ಶಿರಸಿ ಕಡೆಯ ಮುಕ್ಕಾಲು ಎಕರೆ ಅಡಿಕೆ ತೋಟದ ದೆಸೆಯಿಂದ ನಾನೂ ಸಂಘದ ಸದಸ್ಯನೇ. ಆದರೆ ನನ್ನ ಊಟದ ದಾರಿ ಇಳಕಲ್ಲಿನ ಹತ್ತಿರದ ಮಸಾರಿ ಹೊಲ ಮತ್ತು ಅದರಲ್ಲಿ ಬೋರಿನ ನೀರು ನಂಬಿ ನಿಂತ ಲಿಂಬೆ ಗಿಡಗಳು. ವರ್ಷಕ್ಕೆ ನಾಲ್ಕಾರು ಸಲ ಇಲ್ಲಿಂದ ಅಲ್ಲಿಗೆ, ಅಲ್ಲಿಂದ ಇಲ್ಲಿಗೆ ಓಡಾಡುವವನಿಗೆ ಎರಡೂ ಕಡೆ ಕಣ್ಣಿಗೆ ಬೀಳುವ ಒಂದು ಜೀವಿ ಇದೆ. ನೀವು ಚಿಟ್ಟೆ ಎನ್ನುತ್ತೀರಿ, ನಮ್ಮ ಕಡೆ ಪಾತರಗಿತ್ತಿ ಎನ್ನುತ್ತೇವೆ. ಅದರಲ್ಲಿಯೂ ನಾನು ಹೇಳಹೊರಟಿರುವುದು ನಿಂಬೆ ಚಿಟ್ಟೆಯನ್ನು ಕುರಿತು. ಅದು ನನಗೆ ಒಂಬತ್ತು ಗಿಡಗಳ ನಷ್ಟ ಮಾಡಿ ಒಂದು ಪಾಠ ಕಲಿಸಿತು.

ಕೆಲವು ವರ್ಷಗಳ ಹಿಂದೆ ಮೃಗಶಿರ ಮಳೆ ಚೆನ್ನಾಗಿ ಬಿದ್ದ ಮೇಲೆ 120 ಲಿಂಬೆ ಸಸಿ ನೆಟ್ಟೆ. ಸಸಿಗಳು ಬೇರು ಹಿಡಿದು ಎಳೆ ಚಿಗುರು ಬಿಡುತ್ತಿದ್ದಂತೆ, ಹಳದಿ ಕಪ್ಪು ಮಚ್ಚೆಯ ಚಿಟ್ಟೆಗಳು ಗಿಡದಿಂದ ಗಿಡಕ್ಕೆ ಹಾರುತ್ತ, ಕೂತಂತೆ ಮಾಡಿ ಕೂರದೆ, ಹೊಟ್ಟೆಯ ತುದಿಯನ್ನು ಎಲೆಗೆ ತಾಗಿಸಿ ಮುಂದೆ ಹೋಗುತ್ತಿದ್ದವು. ಆ ದಿನಗಳಲ್ಲಿ ಪರದೇಶದಿಂದ ರಜೆಗೆ ಬಂದಿದ್ದ ನಮ್ಮ ಸಂಬಂಧಿಕರ ಹುಡುಗ ಒಂದು ಚಿತ್ರಪುಸ್ತಕ ತಂದಿದ್ದ. ಅದರಲ್ಲಿ ಇದೇ ಚಿಟ್ಟೆಯ ಬಣ್ಣದ ಚಿತ್ರ, ಕೆಳಗೆ ಪ್ಯಾಪಿಲಿಯೋ ಡೆಮೋಲಿಯಸ್ ಎಂಬ ಶಾಸ್ತ್ರೀಯ ಹೆಸರು. ಹುಡುಗ ಓದಿ ಹೇಳಿದ: ಇದರ ಹುಳು ಅವರೆ ಕುಟುಂಬದ ಕಾಡು ಗಿಡಗಳನ್ನು ತಿನ್ನುತ್ತದೆ, ಲಿಂಬೆ ಕಿತ್ತಳೆ ತೋಟಗಳಿಗೆ ಇದರಿಂದ ತೊಂದರೆಯಿಲ್ಲ. ಅಚ್ಚಾದ ಪುಸ್ತಕವಲ್ಲವೇ! ನಾನು ನಂಬಿದೆ. ಎಲೆ ಹರಿದದ್ದು ಕಂಡಾಗ ಮಿಡತೆಯನ್ನು ಬೈದೆ, ಆಡು ಕಾಯುವ ಹುಡುಗರನ್ನು ಬೈದೆ. ಹನ್ನೆರಡು ದಿನ ಕಳೆದು ನೋಡುವಾಗ 31 ಸಸಿಗಳಲ್ಲಿ ಮುಳ್ಳು ಮತ್ತು ಕಡ್ಡಿ ಬಿಟ್ಟು ಬೇರೆ ಏನೂ ಉಳಿದಿರಲಿಲ್ಲ. ಅವುಗಳಲ್ಲಿ 22 ಮತ್ತೆ ಚಿಗಿತವು, ಒಂಬತ್ತು ಹೋದವು.

ಪುಸ್ತಕವನ್ನು ಮತ್ತೆ ತರಿಸಿ ಮೊದಲ ಪುಟದಿಂದ ನೋಡಿದೆವು. ಅದು ಆಸ್ಟ್ರೇಲಿಯಾದ ಚಿಟ್ಟೆಗಳ ಪುಸ್ತಕ. ಅದರಲ್ಲಿ ಬರೆದದ್ದು ಆ ದೇಶದ ಮಟ್ಟಿಗೆ ಅಕ್ಷರಶಃ ನಿಜ. ನಾವು ಗಮನಿಸದೆ ಬಿಟ್ಟದ್ದು ಹೆಸರಿನ ಮೂರನೆಯ ಪದವನ್ನು. ಡೆಮೋಲಿಯಸ್ ಎಂಬುದರ ಮುಂದೆ ಸಣ್ಣಗೆ ‘ಸ್ಥೆನೆಲಸ್’ ಎಂದು ಇತ್ತು. ನಮ್ಮ ಹೊಲದ್ದು ಸ್ಥೆನೆಲಸ್ ಅಲ್ಲ.

ಮೂರನೆಯ ಪದದ ಅರ್ಥ

ಶಾಸ್ತ್ರಜ್ಞರು ಜೀವಿಗೆ ಎರಡು ಪದದ ಹೆಸರಿಡುವುದು ನಮಗೆ ಗೊತ್ತು. ಅಡಿಕೆಗೆ ಅರೆಕಾ ಕಟೆಚು, ಕಾಫಿಗೆ ಕಾಫಿಯಾ ಅರೇಬಿಕಾ. ಮೊದಲ ಪದ ಕುಲ, ಎರಡನೆಯದು ಪ್ರಭೇದ. ಅರೇಬಿಕಾ ಮತ್ತು ರೊಬಸ್ಟಾ ಒಂದೇ ಕುಲದ ಎರಡು ಬೇರೆ ಪ್ರಭೇದಗಳು. ಒಂದೇ ಪ್ರಭೇದ ಬಹು ದೊಡ್ಡ ನಾಡಿನಲ್ಲಿ ಹರಡಿಕೊಂಡು, ನಡುವೆ ಸಮುದ್ರವೋ ಬೆಟ್ಟವೋ ಮರುಭೂಮಿಯೋ ಅಡ್ಡ ಬಂದು, ಒಂದು ಕಡೆಯವು ಇನ್ನೊಂದು ಕಡೆಯವುಗಳ ಜೊತೆ ಸಾವಿರಾರು ವರ್ಷ ಕೂಡದೆ ಉಳಿದರೆ, ಆಯಾ ಪ್ರಾಂತ್ಯದವುಗಳಿಗೆ ಒಂದೊಂದು ಗುರುತು ಬರುತ್ತದೆ. ರೆಕ್ಕೆಯ ಮಚ್ಚೆ ಸ್ವಲ್ಪ ದೊಡ್ಡದಾದೀತು, ಅಂಚಿನ ಕೆಂಪು ಬೇರೆ ಆಕಾರ ತಾಳೀತು, ತಿನ್ನುವ ಗಿಡವೇ ಬದಲಾದೀತು. ಆದರೂ ಪೂರ್ತಿ ಬೇರೆ ಪ್ರಭೇದ ಎನ್ನುವಷ್ಟು ದೂರ ಹೋಗಿರುವುದಿಲ್ಲ. ಇಂಥವುಗಳಿಗೆ ಉಪಪ್ರಭೇದ ಎನ್ನುತ್ತಾರೆ. ಹೆಸರಿಗೆ ಮೂರನೆಯ ಪದ ಸೇರುವುದು ಆಗ. ಅದನ್ನು ಜೀವಿಯ ಊರ ಹೆಸರು ಎಂದು ತಿಳಿದುಕೊಂಡರೆ ಸಾಕು.

ನಮ್ಮ ಅಡಿಕೆಯಲ್ಲಿ ತೀರ್ಥಹಳ್ಳಿ ಸ್ಥಳೀಯ, ದಕ್ಷಿಣ ಕನ್ನಡ ಸ್ಥಳೀಯ, ಚೀನಾದಿಂದ ತಂದ ಗಿಡಗಳಿಂದ ಆಯ್ದು 1972ರಲ್ಲಿ ಹೊರಬಿಟ್ಟ ಮಂಗಳ ಎಂದೆಲ್ಲ ಇಲ್ಲವೇ, ಹಾಗೆಯೇ ಎಂದು ಮೊದಲು ನಾನು ಅಂದುಕೊಂಡಿದ್ದೆ. ಹೋಲಿಕೆ ಅರ್ಧ ಮಾತ್ರ ಸರಿ. ತೋಟದ ತಳಿಯಲ್ಲಿ ಆರಿಸುವವನು ಮನುಷ್ಯ. ಚಿಟ್ಟೆಯ ಉಪಪ್ರಭೇದದಲ್ಲಿ ಆ ಕೆಲಸವನ್ನು ನಾಡು ಮತ್ತು ಕಾಲ ಮಾಡುತ್ತವೆ. ಜೊತೆಗೆ, ಒಂದೇ ತೋಟದಲ್ಲಿ ನಾಲ್ಕು ತಳಿಯ ಅಡಿಕೆ ಇರಬಹುದು. ಒಂದು ಚಿಟ್ಟೆಯ ಎರಡು ಉಪಪ್ರಭೇದಗಳು ಸಹಜವಾಗಿ ಒಂದೇ ಊರಿನಲ್ಲಿ ನೆಲೆ ನಿಲ್ಲುವುದಿಲ್ಲ. ನಿಂತರೆ ಕೂಡಿ ಒಂದಾಗಿಬಿಡುತ್ತವೆ.

ನಿಂಬೆ ಚಿಟ್ಟೆಗೆ ಡೆಮೋಲಿಯಸ್ ಎಂದು 1758ರಲ್ಲಿ ಹೆಸರಿಟ್ಟವನು ಸ್ವೀಡನ್ನಿನ ಲಿನೆಯಸ್. ಅನಂತರ ಬೇರೆ ಬೇರೆ ದೇಶದ ಮಾದರಿಗಳನ್ನು ಪಕ್ಕ ಪಕ್ಕ ಇಟ್ಟು ನೋಡಿದವರು ಅದನ್ನು ಹೀಗೆ ಹಂಚಿದ್ದಾರೆ. ಅರಬ್ ದೇಶಗಳಿಂದ ಹಿಡಿದು ಇರಾನ್, ಪಾಕಿಸ್ತಾನ, ನಮ್ಮ ಇಡೀ ಭಾರತ, ಶ್ರೀಲಂಕಾ, ಬರ್ಮಾ, ದಕ್ಷಿಣ ಚೀನಾದವರೆಗೆ ಇರುವುದು ಡೆಮೋಲಿಯಸ್ ಡೆಮೋಲಿಯಸ್. ಮೊದಲು ಹೆಸರಿಸಿದ್ದು ಇದನ್ನೇ ಆದ್ದರಿಂದ ಅದೇ ಪದ ಎರಡು ಸಲ. ಮಲಯ ಮತ್ತು ಸುಮಾತ್ರಾದ್ದು ಮಲಯಾನಸ್, ಫಿಲಿಪ್ಪೀನ್ಸ್ ಕಡೆಯದು ಲಿಬಾನಿಯಸ್. ಇಂಡೋನೇಷ್ಯಾದ ಪೂರ್ವದ ಫ್ಲೋರೆಸ್, ಅಲೋರ್, ಸುಂಬಾ ದ್ವೀಪಗಳಲ್ಲಿ ಸ್ಥೆನೆಲೈನಸ್. ನ್ಯೂಗಿನಿಯಲ್ಲಿ ಇನ್ನೊಂದು, ಆಸ್ಟ್ರೇಲಿಯಾದಲ್ಲಿ ಸ್ಥೆನೆಲಸ್. ಮಲಯಾನಸ್ ಎಂದು 1865ರಲ್ಲಿ ಹೆಸರಿಟ್ಟವನು ಆಲ್‌ಫ್ರೆಡ್ ರಸೆಲ್ ವಾಲೇಸ್. ಡಾರ್ವಿನ್ನನ ಜೊತೆಜೊತೆಗೆ ವಿಕಾಸದ ಸಿದ್ಧಾಂತ ಕಂಡುಕೊಂಡವನು ಇವನೇ. 1854ರಿಂದ ಎಂಟು ವರ್ಷ ಮಲಯ ದ್ವೀಪಗಳಲ್ಲಿ ಅಲೆದು, ಅಲ್ಲಿಯ ಚಿಟ್ಟೆಗಳು ದ್ವೀಪದಿಂದ ದ್ವೀಪಕ್ಕೆ ಹೇಗೆ ಸ್ವಲ್ಪ ಸ್ವಲ್ಪವೇ ಬದಲಾಗುತ್ತವೆ ಎಂದು ನೋಡಿದವನು. ಪ್ರಾಂತ್ಯದ ರೂಪ ಯಾವುದು, ಉಪಪ್ರಭೇದ ಯಾವುದು, ಪೂರ್ತಿ ಪ್ರಭೇದ ಯಾವುದು ಎಂಬ ಚರ್ಚೆಯನ್ನು ಆ 1865ರ ಬರಹದಲ್ಲಿ ಇದೇ ಜಾತಿಯ ಚಿಟ್ಟೆಗಳನ್ನು ಮುಂದಿಟ್ಟುಕೊಂಡು ಮಾಡಿದ್ದಾನೆ.

ಬಾವಂಚಿ ಮತ್ತು ಲಿಂಬೆ

ಆಸ್ಟ್ರೇಲಿಯಾದ ಸ್ಥೆನೆಲಸ್ ಹುಳು ತಿನ್ನುವ ಗಿಡದ ಕುಲ ಕಲ್ಲೆನ್. ಹೆಸರು ಕೇಳಿ ದೂರದ್ದೆನಿಸಿದರೂ ಅದು ನಮಗೆ ನೆಂಟನೇ. ನಮ್ಮ ಎರೆ ಹೊಲದ ಬದುವಿನಲ್ಲಿ ಏಳುವ ಬಾವಂಚಿ ಗಿಡ ಅದೇ ಕುಲದ್ದು. ತೊನ್ನಿನ ಔಷಧಿಗೆಂದು ಅದರ ಕಪ್ಪು ಬೀಜವನ್ನು ಪಂಡಿತರು ಕೊಳ್ಳುತ್ತಾರೆ. ಅವರೆ, ತೊಗರಿಗಳ ಕುಟುಂಬಕ್ಕೆ ಸೇರಿದ ಗಿಡವಿದು. ಲಿಂಬೆಯ ಕುಟುಂಬ ಬೇರೆಯೇ. ಹಾಗಾದರೆ ಒಂದೇ ಚಿಟ್ಟೆ ಇಲ್ಲಿ ಲಿಂಬೆಯನ್ನೂ ಅಲ್ಲಿ ಬಾವಂಚಿಯ ನೆಂಟನನ್ನೂ ತಿನ್ನುವುದು ಹೇಗೆ?

ಹೆಣ್ಣು ಚಿಟ್ಟೆ ಎಲೆಯ ಮೇಲೆ ಕಾಲೂರಿ ಕಾಲಿನಿಂದಲೇ ರುಚಿ ನೋಡುತ್ತದೆ. ತನ್ನ ಮರಿಗೆ ತಕ್ಕ ಎಲೆ ಯಾವುದೆಂದು ಹೇಳುವುದು ಎಲೆಯೊಳಗಿನ ರಸಾಯನ, ಗಿಡದ ಆಕಾರವಲ್ಲ. ಬಾವಂಚಿಯ ಕುಲದಿಂದಲೇ ಹೆಸರು ಪಡೆದ ಸೊರಾಲೆನ್ ಎಂಬ ವಸ್ತುವೂ ಅದರ ಬಳಗದವೂ ಲಿಂಬೆಯ ಕುಟುಂಬದಲ್ಲಿಯೂ ಇವೆ. ಲಿಂಬೆ ರಸ ಮೈಗೆ ಹತ್ತಿದವರು ಬಿಸಿಲಿಗೆ ನಿಂತರೆ ಚರ್ಮ ಕಪ್ಪಾಗಿ ಸುಡುವುದು ಇವುಗಳಿಂದಲೇ. ಈ ರಸಾಯನವೇ ಎರಡು ಕುಟುಂಬಗಳ ನಡುವಿನ ಸೇತುವೆಯಾಗಿ, ಚಿಟ್ಟೆ ಒಂದರಿಂದ ಇನ್ನೊಂದಕ್ಕೆ ದಾಟಿರಬೇಕೆಂದು ವಿದ್ವಾಂಸರು ಊಹಿಸುತ್ತಾರೆ. ನನಗೆ ಈ ಊಹೆ ಹಿಡಿಸಿದೆ. ಏನೇ ಆಗಲಿ, ಆಸ್ಟ್ರೇಲಿಯಾದ ಕಿತ್ತಳೆ ತೋಟದವನು ಈ ಚಿಟ್ಟೆಗೆ ಹೆದರಬೇಕಿಲ್ಲ. ಅವನಿಗೆ ಕಾಟ ಕೊಡುವವು ಪ್ಯಾಪಿಲಿಯೋ ಕುಲದ ಬೇರೆ ಎರಡು ಚಿಟ್ಟೆಗಳು. ನಮ್ಮವನು ಹೆದರದಿದ್ದರೆ ನನ್ನ ಹಾಗೆ ಒಂಬತ್ತು ಗಿಡ ಕಳೆದುಕೊಳ್ಳುತ್ತಾನೆ.

ನಮ್ಮ ನಾಡಿನ ಉಪಪ್ರಭೇದದ ಊಟದ ಪಟ್ಟಿ ದೊಡ್ಡದು. ಲಿಂಬೆ, ಮಾದಲ, ಚಕ್ಕೋತ, ಕಿತ್ತಳೆ, ಮೋಸಂಬಿ ಎಲ್ಲವೂ ಅದಕ್ಕೆ ಬೇಕು. ಹಿತ್ತಲಿನ ಕರಿಬೇವು ಬೇಕು. ಶಿವನ ಗುಡಿಯ ಬಿಲ್ವ ಬೇಕು, ಬಯಲಿನ ಬೇಲದ ಮರವೂ ಆದೀತು. ಬಾದಾಮಿ ಸುತ್ತಿನಂಥ ಕಲ್ಲು ಗುಡ್ಡದ ಸೀಮೆಯಲ್ಲಿ ಲಿಂಬೆ ತೋಟ ಒಂದೂ ಇಲ್ಲದ ಊರಿನಲ್ಲಿ ಕೂಡ ಈ ಚಿಟ್ಟೆ ಕಾಣುವುದಕ್ಕೆ ಕಾರಣ ಗುಡಿಯ ಬಿಲ್ವ ಮತ್ತು ಮನೆಯ ಕರಿಬೇವು. ಘಟ್ಟದ ಮೇಲೆ ನಿಮ್ಮ ಕಾಫಿಯ ನಡುವೆ ಇರುವ ಕೊಡಗಿನ ಕಿತ್ತಳೆ, ಅಡಿಕೆ ತೋಟದ ಅಂಚಿನ ಕಂಚಿ ಹುಳಿ, ಲಿಂಬೆ ಇವುಗಳ ಮೇಲೂ ಇದೇ ಇರುತ್ತದೆ.

ಇದೇ ಎಂದರೆ ಇದೇ. ನಮ್ಮ ಬಯಲಿನದಕ್ಕೂ ನಿಮ್ಮ ಮಲೆನಾಡಿನದಕ್ಕೂ ಉಪಪ್ರಭೇದದ ಭೇದವಿಲ್ಲ. ಇಳಕಲ್ಲಿನ ಲಿಂಬೆಯ ಮೇಲಿನದು, ಶಿರಸಿಯ ಮಾದಲದ ಮೇಲಿನದು, ಒಮಾನಿನ ತೋಟದ್ದು ಎಲ್ಲ ಒಂದೇ. ಗಟ್ಟಿ ರೆಕ್ಕೆಯ, ಬಿಸಿಲಿನಲ್ಲಿ ಭರದಿಂದ ಹಾರುವ ಈ ಚಿಟ್ಟೆಗೆ ನಮ್ಮ ಘಟ್ಟ ಅಡ್ಡಗೋಡೆಯೇ ಅಲ್ಲ.

ಯಾವುದು ಉಪಪ್ರಭೇದ ಅಲ್ಲ

ಈ ಮಾತನ್ನು ವಿವರವಾಗಿ ಹೇಳಬೇಕು, ಏಕೆಂದರೆ ನಾವು ತೋಟದವರು ಬಣ್ಣ ಸ್ವಲ್ಪ ಬೇರೆ ಕಂಡರೆ ‘ಇದು ಬೇರೆ ಜಾತಿ’ ಎಂದುಬಿಡುತ್ತೇವೆ. ಶಿರಸಿಯಲ್ಲಿ ನಮ್ಮ ಭಾವನವರು ಮಳೆಗಾಲದಲ್ಲಿ ನೋಡಿದ ಚಿಟ್ಟೆಯನ್ನು ಬೇಸಿಗೆಯಲ್ಲಿ ಗುರುತಿಸಲಾರದೆ ವಾದಕ್ಕಿಳಿದಿದ್ದರು. ಮುಸ್ಸಂಜೆಗೆ ಮನೆಯೊಳಗೆ ದೀಪದ ಹತ್ತಿರ ಬಂದು ಕೂರುವ ಕಂದು ಚಿಟ್ಟೆಯೊಂದಿದೆ, ಹುಳು ಭತ್ತದ ಗರಿ ತಿನ್ನುತ್ತದೆ, ಮೆಲನೈಟಿಸ್ ಲೆಡಾ ಎಂದು ಹೆಸರು. ಮಳೆಗಾಲದಲ್ಲಿ ಹುಟ್ಟಿದ್ದಕ್ಕೆ ರೆಕ್ಕೆಯ ಅಡಿಯಲ್ಲಿ ಸಾಲು ಸಾಲು ಕಣ್ಣಿನ ಮಚ್ಚೆ. ಬೇಸಿಗೆಯಲ್ಲಿ ಹುಟ್ಟಿದ್ದಕ್ಕೆ ಕಣ್ಣೇ ಇಲ್ಲ, ಒಣ ತರಗೆಲೆಯ ಹಾಗಿರುತ್ತದೆ. ತಾಯಿ ಒಂದು ವೇಷ, ಮಗಳು ಇನ್ನೊಂದು ವೇಷ. ಇದು ಋತುವಿನ ರೂಪ. ಉಪಪ್ರಭೇದಕ್ಕೆ ಊರು ಬೇಕು, ಋತು ಸಾಲದು.

ಗಂಡು ಹೆಣ್ಣಿನ ಬಣ್ಣ ಬೇರೆಯಾಗಿರುವುದೂ ಉಪಪ್ರಭೇದವಲ್ಲ. ನಿಂಬೆ ಚಿಟ್ಟೆಯ ಕೋಶ ಕೆಲವೊಮ್ಮೆ ಹಸಿರು, ಕೆಲವೊಮ್ಮೆ ಕಂದು ಇರುವುದು ಕೂಡ ಅದು ಕಟ್ಟಿಕೊಂಡ ಜಾಗದ ಬಣ್ಣಕ್ಕೆ ತಕ್ಕಂತೆ ಅಷ್ಟೇ.

ನಿಮ್ಮ ಅಡಿಕೆ ಸೋಗೆಯ ಮೇಲಿನ ಚಿಟ್ಟೆಯೊಂದನ್ನು ಇಲ್ಲಿ ಹೇಳದೆ ಹೋದರೆ ಲೇಖನ ಬಯಲಿನವರದ್ದೇ ಆದೀತು. ಅಡಿಕೆ, ತೆಂಗು, ಬೈನೆ, ಈಚಲುಗಳ ಗರಿ ತಿನ್ನುವ ಹಸಿರು ಹುಳು, ತಲೆಯ ಮೇಲೆ ಎರಡು ಕೊಂಬು, ಮೈಮೇಲೆ ಹಳದಿ ಗೆರೆ. ಇದರ ಗಂಡು ಚಿಟ್ಟೆ ಕಪ್ಪು ಕಂದು, ರೆಕ್ಕೆಯ ಅಂಚಿನಲ್ಲಿ ನೀಲಿ ಛಾಯೆ. ಹೆಣ್ಣು ಕಿತ್ತಳೆ ಬಣ್ಣದ್ದು. ಎಕ್ಕದ ಬಳಗದ ಹಾಲಿನ ಗಿಡಗಳನ್ನು ತಿಂದು ಕಹಿಯಾಗಿರುವ ಹುಲಿ ಬಣ್ಣದ ಚಿಟ್ಟೆಗಳ ವೇಷ ಹಾಕಿಕೊಂಡು ಹಕ್ಕಿಯಿಂದ ತಪ್ಪಿಸಿಕೊಳ್ಳುತ್ತದೆ. ಹಳೆಯ ಪುಸ್ತಕಗಳಲ್ಲಿ ಇದಕ್ಕೆ ಎಲಿಮ್ನಿಯಾಸ್ ಹೈಪರ್ಮ್ನೆಸ್ಟ್ರಾ ಕೌಡಾಟಾ ಎಂಬ ಮೂರು ಪದದ ಹೆಸರು. ಕೌಡಾಟಾ ಎಂದರೆ ಬಾಲವುಳ್ಳದ್ದು. 1871ರಲ್ಲಿ ಬಟ್ಲರ್ ಇಟ್ಟದ್ದು. ಸಿಕ್ಕಿಂ, ಬಂಗಾಳ, ಅಸ್ಸಾಂ ಕಡೆಯದಕ್ಕೆ ಉಂಡ್ಯುಲಾರಿಸ್ ಎಂದು ಬೇರೆ ಹೆಸರು. ಮಲಯ, ಸಿಂಗಪುರದ ಅಗಿನಾ ಎಂಬುದರಲ್ಲಿ ಹೆಣ್ಣಿಗೆ ಹುಲಿ ವೇಷವೇ ಇಲ್ಲ, ಅದೂ ಗಂಡಿನಂತೆ ಕಪ್ಪು ನೀಲಿ. ಒಂದು ಪ್ರಾಂತ್ಯದಲ್ಲಿ ಹೆಣ್ಣು ಒಂದು ವೇಷ, ಇನ್ನೊಂದರಲ್ಲಿ ಇನ್ನೊಂದು: ಉಪಪ್ರಭೇದಕ್ಕೆ ಇದಕ್ಕಿಂತ ಕಣ್ಣಿಗೆ ಕಾಣುವ ಉದಾಹರಣೆ ನನಗೆ ಸಿಕ್ಕಿಲ್ಲ.

ಆದರೆ ಈ ವಿಂಗಡಣೆ ಕಲ್ಲಿನ ಮೇಲೆ ಕೊರೆದದ್ದಲ್ಲ. ಈಚಿನ ಪರಿಶೀಲನೆಯಲ್ಲಿ ನಮ್ಮ ದಕ್ಷಿಣದ ಕೌಡಾಟಾ ಉಪಪ್ರಭೇದವಲ್ಲ, ಸ್ವತಂತ್ರ ಪ್ರಭೇದವೇ ಎಂದು ತೀರ್ಮಾನವಾಗಿ, ಈಗ ಎಲಿಮ್ನಿಯಾಸ್ ಕೌಡಾಟಾ ಎಂದು ಎರಡೇ ಪದದಲ್ಲಿ ಬರೆಯುತ್ತಾರೆ. 2017ರಲ್ಲಿ ಬಂದ ಈ ಕುಲದ ಸಚಿತ್ರ ಪಟ್ಟಿಯಲ್ಲಿಯೂ ಹೀಗೆಯೇ ಇದೆ. ಕಾಫಿ ತೋಟದ ಮೇಲೆ ಹಕ್ಕಿಯಂತೆ ಹಾರುವ ಕಪ್ಪು ಹಳದಿಯ ದೊಡ್ಡ ಚಿಟ್ಟೆ, ಟ್ರಾಯ್ಡಿಸ್ ಮೈನೋಸ್, ಅದರದ್ದೂ ಇದೇ ಕತೆ. ಹಿಂದೆ ಹೆಲೆನಾ ಎಂಬುದರ ಉಪಪ್ರಭೇದವಾಗಿತ್ತು, ಈಗ ದಕ್ಷಿಣ ಭಾರತಕ್ಕೇ ಮೀಸಲಾದ ಪ್ರಭೇದ. ಇದರ ಹುಳು ಈಶ್ವರಿ ಬಳ್ಳಿಯನ್ನೂ ಅದರ ನೆಂಟರನ್ನೂ ಬಿಟ್ಟು ಬೇರೆ ಮುಟ್ಟದು. ಕಳೆ ಕೀಳುವಾಗ ಬೇಲಿಯ ಆ ಬಳ್ಳಿಯನ್ನು ಬಿಟ್ಟರೆ ನಿಮಗೆ ಕಾಸಿನ ನಷ್ಟವಿಲ್ಲ.

ಇಂಥ ವಿಷಯದಲ್ಲಿ ಗಿಡ ಮತ್ತು ಹುಳುವನ್ನು ಜೊತೆಗಿಟ್ಟು ನೋಡುವ ಕೆಲಸ ನಮ್ಮ ರಾಜ್ಯದಲ್ಲಿ ಬಹಳ ಹಿಂದೆಯೇ ನಡೆದಿದೆ. ಉತ್ತರ ಕನ್ನಡವೂ ನಮ್ಮ ಅಂದಿನ ಬಿಜಾಪುರ ಜಿಲ್ಲೆಯೂ ಮುಂಬಯಿ ಪ್ರಾಂತ್ಯದಲ್ಲಿದ್ದ ಕಾಲ ಅದು. ಕಾರವಾರದಲ್ಲಿ ಡೇವಿಡ್‌ಸನ್, ಏಟ್‌ಕಿನ್ ಮತ್ತು ಅರಣ್ಯ ಇಲಾಖೆಯ ಟಿ. ಆರ್. ಬೆಲ್ ಎಂಬ ಮೂವರು ಬಿಡುವಿನಲ್ಲಿ ಮರಿಹುಳುಗಳನ್ನು ತಂದು ಸಾಕಿ, ಯಾವುದು ಯಾವ ಎಲೆ ತಿನ್ನುತ್ತದೆ, ಕೋಶ ಹೇಗಿರುತ್ತದೆ ಎಂದು ಬರೆದಿಟ್ಟರು. 1890ರ ದಶಕದಲ್ಲಿ ಮುಂಬಯಿಯ ನಿಸರ್ಗ ಇತಿಹಾಸ ಸಂಘದ ನಿಯತಕಾಲಿಕದಲ್ಲಿ ಉತ್ತರ ಕನ್ನಡದ ಚಿಟ್ಟೆಗಳ ಮೇಲೆ ಅವರ ಲೇಖನಮಾಲೆ ಬಂತು. ಬೆಲ್ ನಿವೃತ್ತಿಯ ಮೇಲೂ ಕಾರವಾರ ಬಿಡದೆ 1948ರಲ್ಲಿ ಅಲ್ಲೇ ತೀರಿಕೊಂಡ. ರೆಕ್ಕೆಗೆ ಸೂಜಿ ಚುಚ್ಚಿ ಪೆಟ್ಟಿಗೆಯಲ್ಲಿಟ್ಟ ಚಿಟ್ಟೆ ಏನು ತಿನ್ನುತ್ತಿತ್ತೆಂದು ಹೇಳಲಾರದು. ಅದನ್ನು ತಿಳಿಯುವುದಕ್ಕೆ ಹುಳು ಸಾಕುವವರೇ ಬೇಕಾಯಿತು.

ಸಮುದ್ರ ದಾಟಿದ ಮಲಯಾನಸ್

ಉಪಪ್ರಭೇದ ಎಂಬುದು ಪಂಡಿತರ ಕೂದಲು ಸೀಳುವ ಕೆಲಸವಲ್ಲ ಎಂದು ನನಗೆ ಖಾತ್ರಿಯಾದದ್ದು ಅಮೆರಿಕಾ ಖಂಡದ ಒಂದು ಪ್ರಸಂಗ ತಿಳಿದ ಮೇಲೆ. ಆ ಖಂಡದಲ್ಲಿ ನಿಂಬೆ ಚಿಟ್ಟೆ ಇರಲಿಲ್ಲ. 2004ರಲ್ಲಿ ಕೆರಿಬಿಯನ್ ಸಮುದ್ರದ ಡೊಮಿನಿಕನ್ ಗಣರಾಜ್ಯದಲ್ಲಿ ಕಿತ್ತಳೆ ಜಾತಿಯ ಗಿಡಗಳ ಮೇಲೆ ಅದು ಕಾಣಿಸಿಕೊಂಡಿತು. ಕೆಲವೇ ವರ್ಷಗಳಲ್ಲಿ ಸುತ್ತಿನ ಜಮೈಕಾ, ಪೋರ್ಟೋ ರಿಕೋ, ಕ್ಯೂಬಾ ದ್ವೀಪಗಳಿಗೂ ಹಬ್ಬಿತು. ಹತ್ತಿರದಲ್ಲೇ ಫ್ಲಾರಿಡಾ, ಅಲ್ಲಿ ಕಿತ್ತಳೆಯ ದೊಡ್ಡ ದೊಡ್ಡ ತೋಟಗಳು. ಗಾಬರಿ ಆಗದಿರುತ್ತದೆಯೇ!

ಬಂದದ್ದು ಎಲ್ಲಿಂದ? ಆಸ್ಟ್ರೇಲಿಯಾದ ಸ್ಥೆನೆಲಸ್ ಬಂದಿದ್ದರೆ ಕಿತ್ತಳೆಯ ತೋಟದವರು ನಿಶ್ಚಿಂತೆಯಾಗಿ ಮಲಗಬಹುದಿತ್ತು. ಮೊದಲು ರೆಕ್ಕೆಯ ಮಚ್ಚೆಗಳನ್ನು ಹೋಲಿಸಿ, ಆಮೇಲೆ 2006ರಲ್ಲಿ ಪ್ರಕಟವಾದ ಅಧ್ಯಯನವೊಂದರಲ್ಲಿ ಡಿಎನ್‌ಎ ಹೋಲಿಸಿ, ಅದು ಆಗ್ನೇಯ ಏಷ್ಯಾದ ಮಲಯಾನಸ್ ಎಂದು ತೀರ್ಮಾನಿಸಿದರು. ಲಿಂಬೆ ಕಿತ್ತಳೆಯನ್ನೇ ತಿನ್ನುವಂಥದ್ದು. ನಡುವೆ ಎರಡು ಮಹಾಸಾಗರಗಳಷ್ಟು ಅಂತರ ಇರುವುದರಿಂದ ಅದು ತಾನಾಗಿ ಹಾರಿ ಹೋದದ್ದಲ್ಲ, ಮನುಷ್ಯನ ಸಾಗಣೆಯಲ್ಲಿ ಹೋದದ್ದು. ವಾಲೇಸ್ 1865ರಲ್ಲಿ ಇಟ್ಟ ಒಂದು ಮೂರನೆಯ ಪದ ಸುಮಾರು 140 ವರ್ಷದ ಮೇಲೆ ಭೂಮಿಯ ಇನ್ನೊಂದು ಮಗ್ಗುಲಿನ ತೋಟದವರಿಗೆ ಕಳ್ಳ ಬಂದ ದಾರಿ ತೋರಿಸಿತು.

ಸಸಿ ತರುವವರಿಗೆ ಇದರಲ್ಲಿ ಒಂದು ಮಾತಿದೆ. ನಮ್ಮ ಕಡೆಯಿಂದ ನಿಮ್ಮ ಕಡೆಗೆ ಲಿಂಬೆ ಸಸಿ ಸಾಗಿದರೆ ಹೊಸ ಉಪಪ್ರಭೇದವೇನೂ ಬಾರದು, ಎರಡೂ ಕಡೆ ಒಂದೇ ಇದೆ. ಆದರೆ ಮೊಟ್ಟೆ ಬಂದೇ ಬರುತ್ತದೆ, ಅದರ ಜೊತೆ ಎಲೆ ಸುರಂಗದ ಹುಳು ಇತ್ಯಾದಿ ಉಳಿದ ಬಳಗವೂ ಬರುತ್ತದೆ. ಪರದೇಶದಿಂದ ಬೀಜ, ಕಡ್ಡಿ, ಸಸಿಗಳನ್ನು ಚೀಲದೊಳಗೆ ಅಡಗಿಸಿ ತರುವ ಅಭ್ಯಾಸ ಮಾತ್ರ ಬೇಡ. ಸಸ್ಯ ತಪಾಸಣೆಯ ಕಾನೂನು ಇರುವುದು ನಮ್ಮನ್ನು ಗೋಳು ಹೊಯ್ದುಕೊಳ್ಳಲಿಕ್ಕಲ್ಲ.

ಗಿಡದ ಬುಡದಲ್ಲಿ

ಈಗ ನಿಂಬೆ ಚಿಟ್ಟೆಯ ದಿನಚರಿಗೆ ಬರೋಣ. ರೆಕ್ಕೆ ಬಿಚ್ಚಿದರೆ ಎಂಟರಿಂದ ಹತ್ತು ಸೆಂಟಿಮೀಟರ್ ಅಗಲ. ಬಾಲದ ಚಿಟ್ಟೆಗಳ ಕುಟುಂಬಕ್ಕೆ ಸೇರಿದ್ದರೂ ಇದಕ್ಕೆ ಬಾಲವಿಲ್ಲ. ಕಪ್ಪಿನ ಮೇಲೆ ತಿಳಿಹಳದಿ ಮಚ್ಚೆ, ಹಿಂದಿನ ರೆಕ್ಕೆಯ ಒಳಮೂಲೆಯಲ್ಲಿ ಒಂದು ಇಟ್ಟಿಗೆ ಕೆಂಪು ಚುಕ್ಕೆ. ಸಾಸಿವೆಗಿಂತ ಚಿಕ್ಕದಾದ, ತಿಳಿಹಳದಿಯ ದುಂಡು ಮೊಟ್ಟೆಯನ್ನು ಎಳೆ ಚಿಗುರಿಗೆ ಒಂದೊಂದಾಗಿ ಅಂಟಿಸುತ್ತದೆ. ಮೂರು ನಾಲ್ಕು ದಿನದಲ್ಲಿ ಮರಿ ಹೊರಬರುತ್ತದೆ. ಆಗ ಅದನ್ನು ನೋಡಿದವರು ಹುಳು ಎನ್ನುವುದಿಲ್ಲ, ಕಾಗೆಯೋ ಗುಬ್ಬಿಯೋ ಹಿಕ್ಕೆ ಹಾಕಿದೆ ಎಂದು ಮುಂದೆ ಹೋಗುತ್ತಾರೆ. ಕಪ್ಪು ಕಂದಿನ ನಡುವೆ ಬಿಳಿ ಪಟ್ಟಿ, ಒದ್ದೆ ಹೊಳಪು, ಥೇಟು ಹಿಕ್ಕೆಯೇ. ನಾನು ಮೊದಲ ವಾರ ಮೋಸ ಹೋದದ್ದು ಇಲ್ಲಿಯೇ. ನಾಲ್ಕು ಸಲ ಪೊರೆ ಬಿಟ್ಟು ಐದನೆಯ ಹಂತಕ್ಕೆ ಬಂದಾಗ ಒಮ್ಮೆಲೇ ಎಲೆ ಹಸಿರಾಗುತ್ತದೆ, ಮಗ್ಗುಲಲ್ಲಿ ಕಂದು ಪಟ್ಟಿ. ಮುಟ್ಟಿದರೆ ತಲೆಯ ಹಿಂದಿನಿಂದ ಕವಲಾದ ಕಿತ್ತಳೆ ಬಣ್ಣದ ಕೊಂಬು ಹೊರಚಾಚಿ ಕೆಟ್ಟ ನಾತ ಬಿಡುತ್ತದೆ. ಮಕ್ಕಳಿಗೆ ಇದು ಆಟ. ಇರುವೆಯಂಥ ಶತ್ರುಗಳಿಗೆ ಆ ನಾತ ಸಾಕು, ನಮ್ಮ ಕೈಗೆ ಏನೂ ಆಗದು.

ಹುಳುವಿನ ಜೀವನ ಎರಡು ಮೂರು ವಾರ. ಅದರಲ್ಲಿ ಅದು ತಿನ್ನುವ ಎಲೆಯಲ್ಲಿ ಬಹುಪಾಲು ಕೊನೆಯ ಆ ಹಸಿರು ಹಂತದ ಕೆಲವೇ ದಿನಗಳಲ್ಲಿ ಮುಗಿಯುತ್ತದೆ. ನಿನ್ನೆ ಇದ್ದ ಎಲೆ ಇವತ್ತಿಲ್ಲ ಎನ್ನಿಸುವುದು ಅದಕ್ಕೇ. ಆಮೇಲೆ ಕಡ್ಡಿಗೆ ಬಾಲ ಅಂಟಿಸಿ, ಸೊಂಟಕ್ಕೆ ಒಂದು ರೇಷ್ಮೆ ಎಳೆಯ ನಡುಪಟ್ಟಿ ಕಟ್ಟಿಕೊಂಡು ಕೋಶವಾಗುತ್ತದೆ. ಬೆಚ್ಚಗಿನ ದಿನಗಳಲ್ಲಿ ಎಂಟು ಹತ್ತು ದಿನಕ್ಕೆ ಚಿಟ್ಟೆ ಹೊರಗೆ. ಮೊಟ್ಟೆಯಿಂದ ಚಿಟ್ಟೆಯವರೆಗೆ ಸುಮಾರು ಒಂದು ತಿಂಗಳು, ಹಾಗಾಗಿ ವರ್ಷದಲ್ಲಿ ಹಲವು ತಲೆಮಾರು. ಚಿಗುರು ಬರುವ ಕಾಲವೇ ಅದರ ಕಾಲ.

ಬೆಳೆದ ಮರಕ್ಕೆ ಇದು ಲೆಕ್ಕಕ್ಕಿಲ್ಲ. ಹತ್ತು ವರ್ಷದ ಲಿಂಬೆಯಲ್ಲಿ ಐವತ್ತು ಹುಳು ತಿಂದರೂ ಇಳುವರಿ ಇಳಿದದ್ದು ನಾನು ಕಂಡಿಲ್ಲ, ಅಂಥ ಮರಕ್ಕೆ ಔಷಧಿ ಹೊಡೆಯುವವರನ್ನು ಕಂಡರೆ ನನಗೆ ಮರುಕ. ಎಚ್ಚರ ಬೇಕಾದದ್ದು ಸಸಿಮಡಿಯಲ್ಲಿ ಮತ್ತು ನೆಟ್ಟ ಮೊದಲ ಎರಡು ವರ್ಷ. ಈಗ ನಾನು ಮಾಡುವುದು ಇಷ್ಟು. ಮುಂಗಾರಿನ ಚಿಗುರು ಒಡೆದ ದಿನದಿಂದ ಮೂರು ದಿನಕ್ಕೊಮ್ಮೆ ಬೆಳಿಗ್ಗೆ ಸಾಲಿನುದ್ದಕ್ಕೆ ನಡೆದು ಎಳೆ ಎಲೆಯ ಮೇಲೆ ಕೆಳಗೆ ನೋಡುತ್ತೇನೆ. ಮೊಟ್ಟೆ ಸಿಕ್ಕರೆ ಉಗುರಿನಿಂದ ಕೀಳುತ್ತೇನೆ. ಹಕ್ಕಿಯ ಹಿಕ್ಕೆ ಕಂಡರೆ ಕಡ್ಡಿಯಿಂದ ಮುಟ್ಟಿ ನೋಡುತ್ತೇನೆ, ಹಿಕ್ಕೆ ಮಿಸುಕಿದರೆ ಡಬ್ಬಿಗೆ ಹಾಕುತ್ತೇನೆ. ನೂರು ಸಸಿಗೆ ಅರ್ಧ ಗಂಟೆ ಸಾಕು. ಕೈಗೆ ಮೀರಿದರೆ ಶೇಕಡಾ 5ರ ಬೇವಿನ ಬೀಜದ ಕಷಾಯ, ಅಥವಾ ಬಿ.ಟಿ. ಎಂಬ ಜೀವಾಣುವಿನ ಪುಡಿ, ಮರಿಗಳು ಇನ್ನೂ ಹಿಕ್ಕೆಯ ವೇಷದಲ್ಲಿರುವಾಗಲೇ. ಹಸಿರಾದ ದೊಡ್ಡ ಹುಳುವಿಗೆ ಅವು ಅಷ್ಟು ತಾಗವು. ನಮ್ಮ ಕಡೆಯವರು ಸಂಶಯ ಬಂದರೆ ಬಾಗಲಕೋಟೆಯಲ್ಲಿ 2008ರಲ್ಲಿ ಆರಂಭವಾದ ತೋಟಗಾರಿಕೆ ವಿಶ್ವವಿದ್ಯಾಲಯಕ್ಕೆ ಹುಳು ಸಮೇತ ಕಡ್ಡಿ ಒಯ್ದು ತೋರಿಸಬಹುದು.

ಘಾಟಿನ ವಿಷ ಹೊಡೆದರೆ ಇನ್ನೊಂದು ನಷ್ಟವಿದೆ. ಈ ಹುಳುವಿಗೆ ಶತ್ರುಗಳು ಬಹಳ. ಮೊಟ್ಟೆಯೊಳಗೇ ತನ್ನ ಮೊಟ್ಟೆ ಇಡುವ ಟ್ರೈಕೋಗ್ರಾಮಾ ಎಂಬ ಕಣ್ಣಿಗೆ ಕಾಣದಷ್ಟು ಸಣ್ಣ ಕಣಜ ಇದೆ. ಹುಳುವಿನ ಮೈ ತೂತು ಮಾಡಿ ಹೊರಬಂದು ಬಿಳಿ ಗೂಡು ಕಟ್ಟುವ ಕಣಜವಿದೆ. ಕೋಶವಾಗುವ ಹೊತ್ತಿಗೆ ಕಾದು ಕುಳಿತು ಮೊಟ್ಟೆ ಇಡುವ ಟೆರೊಮಾಲಸ್ ಇದೆ. ಡಬ್ಬಿಗೆ ಹಾಕಿದ ಹುಳುಗಳನ್ನು ನಾನು ಈಗ ಕೂಡಲೇ ಕೊಲ್ಲುವುದಿಲ್ಲ. ಬಾಯಿಗೆ ಸಣ್ಣ ಕಣ್ಣಿನ ಜಾಳಿಗೆ ಬಟ್ಟೆ ಕಟ್ಟಿ, ದಿನಕ್ಕೆ ನಾಲ್ಕು ಕರಿಬೇವಿನ ಎಲೆ ಹಾಕಿ ಮಾಳಿಗೆಯ ನೆರಳಿನಲ್ಲಿ ಇಡುತ್ತೇನೆ. ಕಣಜ ಹೊರಬಂದರೆ ಜಾಳಿಗೆಯ ಕಣ್ಣಿನಲ್ಲಿ ತೂರಿ ತೋಟಕ್ಕೆ ಹೋಗುತ್ತದೆ, ಚಿಟ್ಟೆ ಹೊರಬಂದರೆ ಒಳಗೇ ಉಳಿಯುತ್ತದೆ. ಕಳೆದ ಶ್ರಾವಣದಲ್ಲಿ ಡಬ್ಬಿಯಲ್ಲಿದ್ದ 26 ಹುಳುಗಳಲ್ಲಿ ಹನ್ನೊಂದರಿಂದ ಬಂದದ್ದು ಕಣಜ. ಹೊರಬಂದ ಚಿಟ್ಟೆಗಳನ್ನು ಮೊಮ್ಮಗಳು ಒಯ್ದು ಗುಡಿಯ ಬಿಲ್ವದ ಹತ್ತಿರ ಬಿಟ್ಟು ಬಂದಳು. ನಮ್ಮ ಲಿಂಬೆಗೂ ಆ ಗುಡಿಗೂ ಒಂದು ಹರದಾರಿ ದೂರ.